ಎತ್ತದೆ ಬಿಟ್ಟುಹೋದ ಕಸದ ಡಬ್ಬ

ಜರ್ಮನಿಯ ಅನೇಕ ಊರುಗಳಲ್ಲಿ ಕಸದ ಲಾರಿಯವರು ಡಬ್ಬದ ಮುಚ್ಚಳ ತೆಗೆದು ನೋಡುತ್ತಾರೆ. ಹಸಿ ಕಸದ ನಡುವೆ ಪ್ಲಾಸ್ಟಿಕ್ ಕವರು ಕಂಡರೆ ಎತ್ತುವುದಿಲ್ಲ. ಡಬ್ಬಕ್ಕೊಂದು ಸ್ಟಿಕ್ಕರ್ ಅಂಟಿಸಿ ಮುಂದಿನ ಮನೆಗೆ ಹೋಗುತ್ತಾರೆ. ಆಮೇಲೆ ಮನೆಯವರೇ ಕೈಹಾಕಿ ಬೇರೆ ಮಾಡಬೇಕು, ಇಲ್ಲವೇ ಹೆಚ್ಚಿನ ದುಡ್ಡು ಕಟ್ಟಿ ಇನ್ನೊಮ್ಮೆ ಲಾರಿ ಕರೆಸಬೇಕು. ಹತ್ತಾರು ಮನೆಗಳ ಕಟ್ಟಡವಾದರೆ ಆ ಖರ್ಚು ಎಲ್ಲ ಬಾಡಿಗೆದಾರರ ತಲೆಗೂ ಹಂಚಿಹೋಗುತ್ತದೆ. ಮೆಟ್ಟಿಲ ಬಳಿ ಪಕ್ಕದ ಮನೆಯವರು ಚೀಟಿ ಅಂಟಿಸಿ ಹೋಗುವುದು ಇದಕ್ಕೇ. ಮೈಸೂರು, ಮಂಡ್ಯದಿಂದ ಮಕ್ಕಳ ಮನೆಗೆಂದು ಎರಡು ಮೂರು ತಿಂಗಳು ಬರುವ ಅಪ್ಪ ಅಮ್ಮಂದಿರಿಗೆ ಆ ಚೀಟಿ ಅವಮಾನ ಅನ್ನಿಸುತ್ತದೆ. ನಿಜಕ್ಕೂ ಅದು ಬರೀ ಖರ್ಚಿನ ಲೆಕ್ಕದ ಮಾತು.

ಸಾಮಾನ್ಯವಾಗಿ ಡಬ್ಬ ನಾಲ್ಕು. ಕಾಗದಕ್ಕೆ ನೀಲಿ, ಹಸಿ ಕಸಕ್ಕೆ ಕಂದು ಇಲ್ಲವೇ ಹಸಿರು, ಪ್ಯಾಕಿಂಗಿಗೆ ಹಳದಿ, ಮಿಕ್ಕಿದ್ದಕ್ಕೆಲ್ಲ ಕಪ್ಪು ಅಥವಾ ಬೂದು. ಬಣ್ಣ ಊರಿಂದ ಊರಿಗೆ ಬದಲಾಗುವುದರಿಂದ ಮುಚ್ಚಳದ ಮೇಲಿನ ಬರಹ ನೋಡುವುದೇ ಸರಿ. ಕಪ್ಪು ಡಬ್ಬಕ್ಕೆ ಅದರ ಗಾತ್ರ ಮತ್ತು ಎಷ್ಟು ವಾರಕ್ಕೊಮ್ಮೆ ಎತ್ತುತ್ತಾರೆ ಎಂಬ ಲೆಕ್ಕದಲ್ಲಿ ಶುಲ್ಕವಿದೆ. ಹಳದಿಗೆ ಮನೆಯವರು ಬೇರೆ ಶುಲ್ಕ ಕಟ್ಟುವುದಿಲ್ಲ. ಪ್ಯಾಕಿಂಗ್ ಮಾಡಿ ಮಾರುವ ಕಂಪನಿಗಳೇ ಅದರ ಖರ್ಚು ಹೊರಬೇಕೆಂದು 1991ರಲ್ಲೇ ನಿಯಮ ಬಂತು. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಹಳದಿ ಡಬ್ಬ ಇರುವುದು ಪ್ಯಾಕಿಂಗಿಗೆ, ಪ್ಲಾಸ್ಟಿಕ್ಕಿಗೆಲ್ಲ ಅಲ್ಲ. ಸೋನಾ ಮಸೂರಿ ಬಂದ 10 ಕೆಜಿಯ ಪ್ಲಾಸ್ಟಿಕ್ ಚೀಲ ಅಲ್ಲಿಗೆ ಹೋಗಬಹುದು, ಒಡೆದ ಪ್ಲಾಸ್ಟಿಕ್ ಬಕೆಟ್ ಹೋಗಬಾರದು. ಹಳೇ ಪಾತ್ರೆ, ಬಕೆಟ್ಟುಗಳನ್ನೂ ಹಳದಿಗೇ ಹಾಕಿ ಎನ್ನುವ ಊರುಗಳು ಕೆಲವಿವೆ. ಉಳಿದ ಕಡೆ ಕಪ್ಪು ಡಬ್ಬಕ್ಕೆ ಹಾಕಬೇಕು, ಇಲ್ಲವೇ ನಗರಸಭೆಯ ಸಂಗ್ರಹ ಕೇಂದ್ರಕ್ಕೆ ಒಯ್ಯಬೇಕು.

ಮೊಸರಿನ ಕಪ್ ಅನ್ನೇ ನೋಡಿ. ಕಪ್ ಪ್ಲಾಸ್ಟಿಕ್ಕಿನದು, ಮುಚ್ಚಳ ಅಲ್ಯೂಮಿನಿಯಂ, ಕೆಲವಕ್ಕೆ ಸುತ್ತಲೂ ರಟ್ಟು. ಚಮಚದಿಂದ ಕೆರೆದು ಖಾಲಿ ಮಾಡಿದರೆ ಸಾಕು, ತೊಳೆಯಬೇಕಿಲ್ಲ. ಆದರೆ ಮುಚ್ಚಳ ಪೂರಾ ಕಿತ್ತು ಬೇರೆಯಾಗಿ ಹಾಕಬೇಕು, ರಟ್ಟನ್ನು ಕಾಗದದ ಡಬ್ಬಕ್ಕೆ ಕಳಿಸಬೇಕು. ಒಂದರೊಳಗೊಂದು ತುರುಕಿದ ಕಪ್‌ಗಳನ್ನು ವಿಂಗಡಿಸುವ ಯಂತ್ರ ಗುರುತಿಸಲಾರದು. ಯಾವ ವಸ್ತುವಿನಿಂದ ಮಾಡಿದ್ದೆಂದು ಅದು ಬೆಳಕು ಹಾಯಿಸಿ ಕಂಡುಕೊಳ್ಳುತ್ತದೆ. ಎರಡು ಬಗೆ ಅಂಟಿಕೊಂಡಿದ್ದರೆ ಎರಡೂ ಸುಡುವ ಕಡೆಗೆ ಹೋಗುತ್ತವೆ.

ನಮ್ಮ ಅಡುಗೆಮನೆಯ ಹಸಿ ಕಸದಲ್ಲಿ ನೀರಿನಂಶ ಹೆಚ್ಚು. ಮಿಕ್ಕ ಸಾರು, ಹುಳಿ, ಹುಣಸೆಹಣ್ಣು ಹಿಂಡಿದ ಸಿಪ್ಪೆ, ಕಾಫಿ ಚರಟ ಎಲ್ಲ ಹಾಗೇ ಸುರಿದರೆ ಬೇಸಿಗೆಯಲ್ಲಿ ಹುಳುವಾಗುತ್ತದೆ. ಚಳಿಗಾಲದ್ದು ಇನ್ನೊಂದು ತೊಂದರೆ: ಕಸ ಮಂಜುಗಟ್ಟಿ ಡಬ್ಬದ ತಳಕ್ಕೆ ಕಚ್ಚಿಕೊಂಡು, ಲಾರಿಗೆ ಮಗುಚಿದರೂ ಬೀಳುವುದಿಲ್ಲ. ಎರಡಕ್ಕೂ ಉಪಾಯ ಒಂದೇ. ಸಿಂಕಿನಲ್ಲಿ ತೂತಿನ ಪಾತ್ರೆ ಇಟ್ಟು ನೀರು ಬಸಿಯಲು ಬಿಡಿ, ಬಸಿದದ್ದನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ, ಡಬ್ಬದ ತಳಕ್ಕೂ ಮುದುರಿದ ಪೇಪರ್ ಹಾಸಿ. ‘ಕೊಳೆಯುವ ಪ್ಲಾಸ್ಟಿಕ್’ ಎಂದು ಅಂಗಡಿಯಲ್ಲಿ ಸಿಗುವ ಚೀಲ ಅನೇಕ ಊರುಗಳಲ್ಲಿ ನಿಷಿದ್ಧ, ಏಕೆಂದರೆ ಗೊಬ್ಬರದ ಘಟಕ ಕೊಡುವ ಕೆಲವೇ ವಾರಗಳಲ್ಲಿ ಅದು ಕರಗುವುದಿಲ್ಲ. ಬೇಯಿಸಿದ ಅನ್ನ, ತೆಂಗಿನ ಚಿಪ್ಪು ಹಾಕಬಹುದೇ ಎಂಬುದು ಆಯಾ ಊರಿನ ಕಸದ ಕ್ಯಾಲೆಂಡರಿನಲ್ಲಿ ಬರೆದಿರುತ್ತದೆ. ಪೂಜೆಯ ಹೂವನ್ನು ದಾರ ಬಿಡಿಸಿ ಹಾಕಬೇಕು. ಊದುಬತ್ತಿಯ ಬೂದಿ ಪೂರ್ತಿ ಆರಿದ ಮೇಲೆ ಕಪ್ಪು ಡಬ್ಬಕ್ಕೆ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಲೇಬೇಡಿ, ಪೈಪಿನಲ್ಲಿ ಗಟ್ಟಿಯಾಗಿ ಕೂತರೆ ಕೆಳಗಿನ ಮನೆಯ ಸಿಂಕೂ ಕಟ್ಟುತ್ತದೆ.

ಅಂಗಡಿಯ ಬಿಲ್ಲು ಕಾಗದದಂತೆ ಕಂಡರೂ ಮೇಲೆ ರಾಸಾಯನಿಕ ಲೇಪ ಇರುವುದರಿಂದ ಕಪ್ಪು ಡಬ್ಬಕ್ಕೆ ಸೇರಬೇಕು. ಜಿಡ್ಡು ಹತ್ತಿದ ಪಿಜ್ಜಾ ಡಬ್ಬವೂ ಅಲ್ಲಿಗೇ. ಗಾಜಿನ ಬಾಟಲಿಗೆ ಬೀದಿ ಬದಿಯಲ್ಲಿ ಬಿಳಿ, ಹಸಿರು, ಕಂದು ಎಂದು ಬೇರೆ ತೊಟ್ಟಿಗಳಿವೆ, ನೀಲಿ ಗಾಜು ಹಸಿರಿಗೆ. ಒಡೆದ ನೀರಿನ ಲೋಟ ಅಲ್ಲಿಗೆ ಬೇಡ, ಅದು ಕರಗುವ ಉಷ್ಣತೆಯೇ ಬೇರೆ. ಒಂದೇ ಸಲ ಬಳಸುವ ಪಾನೀಯದ ಪ್ಲಾಸ್ಟಿಕ್ ಬಾಟಲಿ, ಕ್ಯಾನುಗಳ ಮೇಲೆ 25 ಸೆಂಟ್ ಠೇವಣಿ ಇರುತ್ತದೆ. ಜಜ್ಜದೆ ಅಂಗಡಿಯ ಯಂತ್ರಕ್ಕೆ ಹಾಕಿ ವಾಪಸ್ ಪಡೆಯಬೇಕು. ಜಜ್ಜಿದರೆ ಯಂತ್ರಕ್ಕೆ ಬಾರ್‌ಕೋಡ್ ಓದಲಾಗದು.

ಭಾನುವಾರ ಆ ಗಾಜಿನ ತೊಟ್ಟಿಗೆ ಬಾಟಲಿ ಎಸೆಯುವಂತಿಲ್ಲ, ಸದ್ದಾಗುತ್ತದೆಂದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಶ್ಶಬ್ದದ ಹೊತ್ತು. ದೋಸೆ ಹಿಟ್ಟು ರುಬ್ಬುವ ಮಿಕ್ಸಿಯನ್ನು ಬೆಳಿಗ್ಗೆ 5ಕ್ಕೆ ಹಾಕಿದರೆ ದೂರು ಬರುತ್ತದೆ, ಅದು ನ್ಯಾಯವೇ. ಹಿಂದಿನ ದಿನ ಸಂಜೆ ರುಬ್ಬಿಟ್ಟುಕೊಳ್ಳುವುದು ಒಳ್ಳೆಯದು.

ದೂರು ಹೇಳುವ ರೀತಿಯನ್ನು ಮಾತ್ರ ನಾವು ಇಲ್ಲಿಂದ ಕಲಿಯಲೇಬೇಕು. ಚೀಟಿಯಲ್ಲಿ ದಿನ, ಸಮಯ, ಯಾವ ಡಬ್ಬ, ಏನು ಬೆರೆತಿತ್ತು, ಏನು ಮಾಡಬೇಕು ಎಂದಿಷ್ಟೇ ಇರುತ್ತದೆ. 1949ರ ಜರ್ಮನ್ ಸಂವಿಧಾನದ 5ನೇ ವಿಧಿ ಅಭಿಪ್ರಾಯ ಹೇಳುವ ಹಕ್ಕು ಕೊಟ್ಟಿದೆ, ವ್ಯಕ್ತಿಯ ಮಾನಕ್ಕೆ ಕುಂದು ತರಬಾರದೆಂಬ ಮಿತಿಯನ್ನೂ ಅಲ್ಲೇ ಹೇಳಿದೆ. ಬೈದು ಅವಮಾನಿಸುವುದು ದಂಡ ಸಂಹಿತೆಯ 185ನೇ ವಿಧಿಯಲ್ಲಿ ಅಪರಾಧ. ಕಸ ತಪ್ಪಾಗಿ ಹಾಕಿದವರ ಮುಖದ ಫೋಟೋ ತೆಗೆದು ಅವರ ಒಪ್ಪಿಗೆಯಿಲ್ಲದೆ ಹಂಚುವುದಕ್ಕೂ ಕಾನೂನಿನ ತಡೆಯಿದೆ. ಹೆಸರಿಲ್ಲದ ಚೀಟಿಗಳೂ ಬರುತ್ತವೆ. ಅವು ಇಡೀ ಕಟ್ಟಡದಲ್ಲಿ ಅನುಮಾನ ಹುಟ್ಟಿಸುವುದರಿಂದ ನನಗೆ ಹಿಡಿಸುವುದಿಲ್ಲ. ಕೆಳಗೆ ಮನೆ ನಂಬರ್ ಬರೆದ ಚೀಟಿಗೆ ಹೋಗಿ ಉತ್ತರ ಹೇಳಬಹುದು.

ನಮ್ಮಲ್ಲೂ ಸಂವಿಧಾನದ 19(1)(ಎ) ವಿಧಿ ಮಾತಿನ ಹಕ್ಕು ಕೊಟ್ಟಿದೆ. 19(2)ರಲ್ಲಿ ಮಾನಹಾನಿ ಸೇರಿದಂತೆ ಮಿತಿಗಳಿವೆ, ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ವಿಧಿಯಲ್ಲಿ ಮಾನಹಾನಿ ಅಪರಾಧ. ‘ನಿಜವನ್ನೇ ಹೇಳಿದೆ’ ಅಂದರಷ್ಟೇ ಸಾಲದು, ಅದರಲ್ಲಿ ಸಾರ್ವಜನಿಕ ಹಿತವೂ ಇರಬೇಕು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಯಾರದೋ ಮುಖದ ಫೋಟೋ ಹಾಕಿ ‘ನಾಚಿಕೆಯಿಲ್ಲದವರು’ ಎಂದು ಬರೆಯುವುದು, ಮಾತು ಬೆಳೆದು ಜಾತಿ, ಕೇರಿಯ ಹೆಸರು ಎತ್ತುವುದು ಸುಲಭವಾಗಿ ನಡೆದುಹೋಗುತ್ತದೆ. ಕಸ ಮಾತ್ರ ಇದ್ದಲ್ಲೇ ಇರುತ್ತದೆ. ಮುಖದ ಬದಲು ಕಸದ ಫೋಟೋ ತೆಗೆಯಿರಿ. ಯಾವ ಕ್ರಾಸಿನ ಮೂಲೆ, ಯಾವ ಯಾವ ವಾರ, ಎಷ್ಟು ಹೊತ್ತಿಗೆ, ಎಳನೀರು ಬುರುಡೆಯೋ ಕಟ್ಟಡದ ಅವಶೇಷವೋ ಎಂದು ಬರೆದು ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಕೊಡಿ. ಗಾಡಿ ಬರುವ ಹೊತ್ತಿಗೆ ಕೆಲಸಕ್ಕೆ ಹೊರಟುಬಿಡುವವರೇ ಆ ಮೂಲೆಗೆ ಸುರಿಯುತ್ತಿದ್ದರೆ, ಸಮಯ ಬದಲಿಸಿ ಎಂದು ಕೇಳುವುದೇ ಸರಿಯಾದ ದೂರು.

ಎಲ್ಲಕ್ಕಿಂತ ಮೊದಲು ಸಿಗಬೇಕಾದದ್ದು ಪೌರಕಾರ್ಮಿಕರಿಗೆ ಮಾತಾಡುವ ಹಕ್ಕು. ಮೈಸೂರು 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲಾದದ್ದು ಸೀಟಿ ಊದುತ್ತ ಮನೆಮನೆಗೆ ಬರುವ ಇವರ ದುಡಿಮೆಯಿಂದ. ಅಲ್ಲಿನ ಕುಂಬಾರಕೊಪ್ಪಲಿನ ಘಟಕದಲ್ಲಿ ಕಸವನ್ನು ಮತ್ತೆ ಕೈಯಿಂದಲೇ ಬಗೆಬಗೆಯಾಗಿ ಬೇರ್ಪಡಿಸುತ್ತಾರೆ. ‘ಅಮ್ಮಾ, ಎರಡೂ ಸೇರಿಸ್ಬಿಟ್ಟಿದೀರಿ, ಬೇರೆ ಮಾಡಿ ಕೊಡಿ’ ಎಂದರೆ ‘ನಿನ್ನ ಕೆಲಸ ನೀನು ಮಾಡು’ ಎನ್ನುವ ಮನೆಗಳು ಇನ್ನೂ ಇವೆ. ಜರ್ಮನಿಯ ಲಾರಿಯವರಿಗೆ ಸ್ಟಿಕ್ಕರ್ ಅಂಟಿಸಲು ಇರುವ ಧೈರ್ಯ ಅವರದ್ದಷ್ಟೇ ಅಲ್ಲ, ಅವರ ಬೆನ್ನಿಗೆ ನಗರಸಭೆ ನಿಂತಿದೆ. ಹಾಗೆ ನಿಲ್ಲುವುದನ್ನು ಮೈಸೂರು, ಮಂಡ್ಯದ ಬಡಾವಣೆ ಸಂಘಗಳೂ ಮಾಡಬಹುದು: ಬೆರಕೆ ಕಸ ತೆಗೆದುಕೊಳ್ಳದಿದ್ದರೆ ಸಂಘ ಅವರ ಪರ ಎಂದು ಗೇಟಿಗೆ ಬೋರ್ಡು ಹಾಕಬೇಕು.

ಮನೆಯೊಳಗಿನ ಕೆಲಸ ಕಷ್ಟದ್ದಲ್ಲ. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ. ಆ ಚೂರು ಹಸಿ ಕಸಕ್ಕೆ ಸೇರಿದರೆ ಯಾರ ಕೈಗೂ ಸಿಗದೆ ಗೊಬ್ಬರದಲ್ಲೇ ಉಳಿಯುತ್ತದೆ. ಮೂಲೆ ಅಂಟಿಕೊಂಡಿರುವಂತೆ ಸೀಳಿ, ಖಾಲಿಯಾದ ಮೇಲೆ ತೊಳೆದು, ತಂತಿಗೆ ಕ್ಲಿಪ್ ಹಾಕಿ ಒಣಗಿಸಿ. ದಿನಕ್ಕೆ ಎರಡರಂತೆ ತಿಂಗಳಿಗೆ 60 ಕವರು. ಒಣಗಿದ್ದನ್ನು ಗುಜರಿಯವರು ಕೊಳ್ಳುತ್ತಾರೆ, ನಾತ ಹೊಡೆಯುವುದನ್ನು ಮುಟ್ಟುವುದಿಲ್ಲ. ಹಿತ್ತಲಿದ್ದವರು ತೂತು ಮಾಡಿದ ಮಡಕೆಯಲ್ಲಿ ಒಂದು ಪಾಲು ಹಸಿ ಕಸಕ್ಕೆ ಒಂದು ಪಾಲು ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಹಾಕಿ ಮುಚ್ಚಿದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರ. ಒಂದು ಹಿಡಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಬರಬೇಕು. ನೀರು ಸುರಿದರೆ ಗಾಳಿ ಆಡದೆ ವಾಸನೆ ಬರುತ್ತದೆ, ಆಗ ಒಣ ಎಲೆ ಸೇರಿಸಿ ಮೇಲೆ ಕೆಳಗೆ ಮಾಡಿ. ಸ್ಯಾನಿಟರಿ ಪ್ಯಾಡು, ಡೈಪರು, ಒಡೆದ ಗಾಜುಗಳನ್ನು ಬೇರೆ ಬೇರೆ ನ್ಯೂಸ್‌ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಿಂದ ದೊಡ್ಡ ಗುರುತು ಹಾಕಿ, ಗಾಡಿಗೆ ಸುರಿಯದೆ ಪೌರಕಾರ್ಮಿಕರ ಕೈಗೇ ಏನೆಂದು ಹೇಳಿ ಕೊಡಿ.