ಸೆಮಿನಾರ್‌ಗೆ ಬರುವವರನ್ನು ನಾನು ಕೇಳುವುದು ಒಂದೇ ಉದಾಹರಣೆ

ನಮ್ಮ ಗಣಿತ ವಿಭಾಗದ ವಾರದ ಸೆಮಿನಾರ್ ನಡೆಸುವ ಜವಾಬ್ದಾರಿ ಕೆಲವು ವರ್ಷಗಳಿಂದ ನನ್ನ ಪಾಲಿಗಿದೆ. ಹಾಲ್ ಬುಕ್ ಮಾಡುವುದು, ಮೇಲ್ ಕಳಿಸುವುದು, ಟೀ ಹೇಳುವುದು ಎಲ್ಲ ಇದ್ದದ್ದೇ. ಆದರೆ ಅಸಲಿ ಕೆಲಸ ನಡೆಯುವುದು ಮೊದಲೇ, ಮಾತಾಡಲು ಬರುವವರ ಜೊತೆ ಫೋನಿನಲ್ಲಿ.

ಬೆಂಗಳೂರಿನಲ್ಲಿ ಗಣಿತದ ಬಗ್ಗೆ ಮಾತಾಡುವವರಿಗೆ ಬರ ಇಲ್ಲ. ಮಲ್ಲೇಶ್ವರದ ಪಕ್ಕ ಐಐಎಸ್‌ಸಿ, ಮೈಸೂರು ರಸ್ತೆಯಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಯಲಹಂಕದಲ್ಲಿ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನ ಅನ್ವಯಿಕ ಗಣಿತ ಕೇಂದ್ರ, ಹೆಸರಘಟ್ಟದ ಕಡೆ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್. ಕಷ್ಟ ಇರುವುದು ಕೇಳುಗರದ್ದು. ಸಂಜೆ ನಾಲ್ಕರ ಸೆಮಿನಾರ್‌ಗೆ ಮೈಸೂರು ರಸ್ತೆಯಿಂದ ಯಲಹಂಕ ತಲುಪಬೇಕಾದರೆ ಊಟ ಮುಗಿಸಿದ ಕೂಡಲೇ ಹೊರಡಬೇಕು. ಅಷ್ಟು ದೂರ ಬಂದವರಿಗೆ ಹತ್ತನೇ ನಿಮಿಷಕ್ಕೇ ದಾರಿ ತಪ್ಪಿದರೆ ಮತ್ತೆ ಯಾಕೆ ಬರುತ್ತಾರೆ?

ನಮ್ಮ ಹಾಲ್‌ನಲ್ಲಿ ಸಂಖ್ಯಾಸಿದ್ಧಾಂತದವರೂ ಕೂತಿರುತ್ತಾರೆ, ದ್ರವಗಳ ಹರಿವಿನ ಲೆಕ್ಕ ಮಾಡುವವರೂ ಕೂತಿರುತ್ತಾರೆ. ಪ್ಯೂರ್‌ನವರು, ಅಂದರೆ ಶುದ್ಧ ಗಣಿತದವರು ಒಂದು ಕಡೆ, ಅಪ್ಲೈಡ್‌ನವರು, ಅಂದರೆ ಅನ್ವಯಿಕ ಗಣಿತದವರು ಇನ್ನೊಂದು ಕಡೆ. ಈ ಊರಿನಲ್ಲಿ ಆ ಗೋಡೆ ಅಷ್ಟೇನೂ ಗಟ್ಟಿ ಅಲ್ಲ ಅನ್ನುವುದು ನನ್ನ ಅನಿಸಿಕೆ. 1956ರಲ್ಲಿ ಐಐಎಸ್‌ಸಿಗೆ ಅನ್ವಯಿಕ ಗಣಿತದ ಪ್ರೊಫೆಸರ್ ಆಗಿ ಬಂದ ಪಿ. ಎಲ್. ಭಟ್ನಾಗರ್ ಅವರನ್ನೇ ನೋಡಿ. ಅವರು ಗ್ರಾಸ್ ಮತ್ತು ಕ್ರೂಕ್ ಜೊತೆ 1954ರಲ್ಲಿ ಕೊಟ್ಟ ಅನಿಲದ ಮಾದರಿಯನ್ನು ಇಂಜಿನಿಯರುಗಳು ಇವತ್ತಿಗೂ ಕಂಪ್ಯೂಟರಿನಲ್ಲಿ ಓಡಿಸುತ್ತಾರೆ. ಅದಕ್ಕೆ ಪರಿಹಾರ ಇದೆ ಅಂತ ಪ್ರೂಫ್ ಕೊಡುವ ತಲೆನೋವು ಮಾತ್ರ ಪ್ಯೂರ್‌ನವರಿಗೆ ಬಿತ್ತು.

ಇಂಥ ಹಾಲ್‌ಗೆ ಒಮ್ಮೆ ಹಿರಿಯರೊಬ್ಬರು ಮಾತಾಡಲು ಒಪ್ಪಿಕೊಂಡರು. ಅವರು ಕಳಿಸಿದ ಅಬ್‌ಸ್ಟ್ರಾಕ್ಟ್, ಅಂದರೆ ಮಾತಿನ ಸಾರಾಂಶ ಓದಿದರೆ ನನಗೇ ಅರ್ಧ ಅರ್ಥವಾಗಲಿಲ್ಲ. ಫೋನ್ ಮಾಡಿದೆ.

"ಸರ್, ಒಂದು ಉದಾಹರಣೆ ಬೋರ್ಡ್ ಮೇಲೆ ಪೂರ್ತಿ ಬಿಡಿಸಿ ತೋರಿಸ್ತೀರಾ?"

"ಅದು ತೀರಾ ಸುಲಭ ಆಗುತ್ತಲ್ವಾ? ನಿಮ್ಮವರಿಗೆ ಬೇಜಾರಾಗುತ್ತೆ."

"ಆಗಲಿ ಸರ್, ಪರವಾಗಿಲ್ಲ."

ಅವರು ಆರಿಸಿಕೊಂಡದ್ದು ಟ್ರಾಫಿಕ್. 1955ರಲ್ಲಿ ಲೈಟ್‌ಹಿಲ್ ಮತ್ತು ವಿದಮ್, 1956ರಲ್ಲಿ ಬೇರೆಯಾಗಿ ರಿಚರ್ಡ್ಸ್ ಕೊಟ್ಟ ಮಾದರಿ. ರಸ್ತೆ ಖಾಲಿ ಇದ್ದರೆ ಸಾಂದ್ರತೆ ಸೊನ್ನೆ, ಬಂಪರ್‌ಗೆ ಬಂಪರ್ ತಾಗಿದ್ದರೆ ಒಂದು. ವಾಹನ ಜಾಸ್ತಿ ಆದಷ್ಟೂ ವೇಗ ಕಡಿಮೆ. ವೇಗ ಅಂದರೆ ಒಂದು ಕಳೆ ಸಾಂದ್ರತೆ ಅಂತಿಟ್ಟುಕೊಳ್ಳಿ. ಹಾಗಾಗಿ ಹರಿವು ಅಂದರೆ ಸಾಂದ್ರತೆ ಗುಣಿಸು ಆ ವೇಗ. ಈಗ ಕೆಂಪು ಸಿಗ್ನಲ್. ಗೆರೆಯ ಹಿಂದೆ ಎಲ್ಲ ಕಡೆ ಒಂದು, ಮುಂದೆ ಸೊನ್ನೆ. ಹಸಿರು ಬಿತ್ತು. ಮುಂದೇನು?

ಗೆರೆಯ ಹತ್ತಿರ ಸಾಂದ್ರತೆ ಒಂದರಿಂದ ಸೊನ್ನೆಗೆ ಹಾರುತ್ತದೆ. ಅಲ್ಲಿ ಡೆರಿವೇಟಿವ್, ಅಂದರೆ ಬದಲಾವಣೆಯ ದರ, ಇಲ್ಲ. ಅದಕ್ಕೆ ಈ ಮಾದರಿಯ ಸಮೀಕರಣವನ್ನು ಇಂಟಿಗ್ರೇಟ್ ಮಾಡಿದ ರೂಪದಲ್ಲಿ ನೋಡಬೇಕು. ಆ ರೂಪಕ್ಕೆ ಬೇಕಾದ್ದು ಇಷ್ಟೇ: ಬಂದ ವಾಹನ, ಹೋದ ವಾಹನದ ಲೆಕ್ಕ ತಾಳೆಯಾಗಬೇಕು. ಗೆರೆಯ ಹಿಂದೆ ಎಲ್ಲ ಒತ್ತಿಕೊಂಡು ನಿಂತಿದ್ದಾರೆ, ಹರಿವು ಸೊನ್ನೆ. ಮುಂದೆ ವಾಹನವೇ ಇಲ್ಲ, ಅಲ್ಲೂ ಸೊನ್ನೆ. ಲೆಕ್ಕ ತಾಳೆಯಾಯಿತು! ಅಂದರೆ ಹಸಿರು ಬಿದ್ದ ಮೇಲೂ ಯಾರೂ ಕದಲದೆ ಕೊನೆತನಕ ನಿಂತೇ ಇರುವುದು ಕೂಡ ಈ ಸಮೀಕರಣದ ಒಂದು ಪರಿಹಾರ. ಹಿಂದಿನ ಸಾಲಿನಿಂದ ಯಾರೋ "ಇದು ಸಿಲ್ಕ್ ಬೋರ್ಡ್ ಪರಿಹಾರ" ಅಂದರು. ಹಾಲ್ ಎಲ್ಲ ನಗು.

ಆಮೇಲೆ ಅವರು ಇನ್ನೊಂದು ಪರಿಹಾರ ಬಿಡಿಸಿದರು. ಮುಂದಿನ ವಾಹನಗಳು ಹೊರಡುತ್ತವೆ, ಹೊರಡುವ ಅಲೆ ಹಿಂದಕ್ಕೆ ಸಾಗುತ್ತದೆ, ನಡುವೆ ಸಾಂದ್ರತೆ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಗೆರೆಯ ಮೇಲೆ ಅದು ಸರಿಯಾಗಿ ಅರ್ಧ. ಅರ್ಧ ಗುಣಿಸು ಅರ್ಧ, ಕಾಲು. ಹರಿವು ಅದಕ್ಕಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ.

ಎರಡರಲ್ಲಿ ಯಾವುದು ಸರಿ? ಈ ಪ್ರಶ್ನೆ ಕೇಳಿದ್ದು ಸಂಖ್ಯಾಸಿದ್ಧಾಂತದ ಮೇಡಂ. ಅವರು ಅಲ್ಲಿಯವರೆಗೆ ಅಪ್ಲೈಡ್ ಸೆಮಿನಾರ್‌ನಲ್ಲಿ ಬಾಯಿ ಬಿಟ್ಟದ್ದು ನಾನು ಕಂಡಿರಲಿಲ್ಲ. ಉತ್ತರ ಸಿಕ್ಕಿತು: ಡ್ರೈವರ್ ಸ್ವಲ್ಪ ಮುಂದೆ ನೋಡಿ ಓಡಿಸುತ್ತಾನೆ ಅಂತ ಒಂದು ಚಿಕ್ಕ ಪದ ಸೇರಿಸಿ, ಆಮೇಲೆ ಅದನ್ನು ಸೊನ್ನೆಗೆ ಇಳಿಸಿ. ನಿಂತೇ ಇರುವ ಪರಿಹಾರ ಬಿದ್ದುಹೋಗುತ್ತದೆ, ಚಲಿಸುವುದು ಉಳಿಯುತ್ತದೆ. ಸರಿಯಾದ ಪರಿಹಾರವನ್ನು ಆರಿಸುವ ಇಂಥ ನಿಯಮಕ್ಕೇ ಎಂಟ್ರೊಪಿ ಷರತ್ತು ಅನ್ನುವುದು. ಹಲವು ಆಯಾಮಗಳಲ್ಲೂ ಇಂಥ ಪರಿಹಾರ ಒಂದೇ ಇರುತ್ತದೆ ಅಂತ ಗಣಿತಜ್ಞ ಕ್ರುಜ್ಕೋವ್ 1970ರಲ್ಲಿ ತೋರಿಸಿದರು. ಮಾತಾಡಲು ಬಂದ ಹಿರಿಯರ ಸ್ವಂತ ಥಿಯರಮ್‌ಗೆ ಉಳಿದದ್ದು ಕೊನೆಯ ಕಾಲು ಗಂಟೆ. ಅಷ್ಟೊತ್ತಿಗೆ ಅದು ಯಾಕೆ ಬೇಕು ಅಂತ ಎಲ್ಲರಿಗೂ ಗೊತ್ತಿತ್ತು.

ಸುಲಭ ಉದಾಹರಣೆ ಕೊಟ್ಟರೆ ಮರ್ಯಾದೆ ಹೋಗುತ್ತದೆ ಅನ್ನುವ ಅಂಜಿಕೆ ನಮ್ಮಲ್ಲಿ ಬಹಳ. ಹಿರಿಯರ ಹತ್ತಿರ ನಾನು ಹಟ ಮಾಡುತ್ತೇನೆ. ಪಿಎಚ್‌ಡಿ ಮುಗಿಸಿ ಕೆಲಸ ಹುಡುಕುತ್ತಿರುವ ಪೋಸ್ಟ್‌ಡಾಕ್‌ಗಳ ಹತ್ತಿರ ಅಷ್ಟು ಮಾಡುವುದಿಲ್ಲ. ಎದುರು ಕೂತವರಲ್ಲಿ ನಾಳೆ ಇಂಟರ್‌ವ್ಯೂ ಮಾಡುವವರೂ ಇರಬಹುದಲ್ಲ. ಪೋಸ್ಟ್‌ಡಾಕ್‌ಗಳಿಗೆ ಮೊದಲ ಅರ್ಧ ಗಂಟೆ ನಮಗೆ ಕೊಡಿ, ಉಳಿದದ್ದು ನಿಮ್ಮಿಷ್ಟ ಅನ್ನುತ್ತೇನೆ. ಸ್ಲೈಡ್ ಬೇಡ ಅನ್ನುವುದಿಲ್ಲ, ಆದರೆ ಉದಾಹರಣೆ ಚಾಕ್‌ನಲ್ಲೇ ಆಗಬೇಕು. ಕೈ ನಿಧಾನವಾದರೆ ಬಾಯಿಯೂ ನಿಧಾನವಾಗುತ್ತದೆ.

ಪ್ರಶ್ನೆ ಮೊದಲು ಪಿಎಚ್‌ಡಿ ಹುಡುಗ ಹುಡುಗಿಯರದ್ದು, ಪ್ರೊಫೆಸರ್‌ಗಳದ್ದು ಆಮೇಲೆ ಅಂತಲೂ ಒಂದು ನಿಯಮ ಮಾಡಿದ್ದೇನೆ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ಇನ್ನೂ ಒಪ್ಪಿಲ್ಲ. ಅವರಿಗೆ ನಡುವೆಯೇ ಕೇಳಬೇಕು. ಕೇಳುವುದು ಚೆನ್ನಾಗಿಯೇ ಇರುತ್ತದೆ, ಹಾಗಾಗಿ ನಾನೂ ತಡೆಯಲು ಹೋಗಿಲ್ಲ.