ಬುರುಡೆ ಬಿಡುವ ಆಟದಲ್ಲಿ ಮೋಸ ನಡೆಯುವುದಿಲ್ಲವೇ?

ಈ ಆಟದ ವಿಷಯ ತೆಗೆದಾಗಲೆಲ್ಲ ಮೊದಲು ಬರುವ ಪ್ರಶ್ನೆ ಒಂದೇ: “ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಪದದ ಅರ್ಥವನ್ನು ಹುಡುಕಿ ನೋಡಿಬಿಟ್ಟರೆ ಮುಗಿಯಿತಲ್ಲ?” ಕೇಳುವವರ ದನಿಯಲ್ಲಿ ಕಳ್ಳನನ್ನು ಕೈಯಾರೆ ಹಿಡಿದ ಸಂತೋಷ ಇರುತ್ತದೆ. ಕೆಲವರು ಅಲ್ಲಿಗೂ ಬಿಡುವುದಿಲ್ಲ. ಸುಳ್ಳು ಹೇಳುವುದೇ ಆಟವಾದ ಮೇಲೆ ಮೋಸ ಮಾಡಬಾರದೆಂಬ ನಿಯಮ ಎಂಥದ್ದು ಎಂದು ನಗುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿದೆ. ಒಮ್ಮೆ ಬರೆದಿಟ್ಟರೆ ಮುಂದೆ ಇದನ್ನೇ ಕಳುಹಿಸಬಹುದು.

ಗೊತ್ತಿಲ್ಲದವರಿಗೆ ಆಟ ಹೀಗಿದೆ. ನಾವು ಎಂಟು ಜನ. ವಾರಕ್ಕೊಬ್ಬರು ಸೂತ್ರಧಾರರು. ಅವರು ನಿಘಂಟಿನಿಂದ ಯಾರಿಗೂ ಗೊತ್ತಿರಲಾರದ ಒಂದು ಪದವನ್ನು ಆರಿಸಿ ಗುಂಪಿಗೆ ಹಾಕುತ್ತಾರೆ. ಉಳಿದ ಏಳು ಮಂದಿ ಆ ಪದಕ್ಕೆ ತಮ್ಮ ತಲೆಯಿಂದ ಹುಟ್ಟಿಸಿದ ಸುಳ್ಳು ಅರ್ಥವನ್ನು ಸೂತ್ರಧಾರರಿಗೆ ಮಾತ್ರ ಕಾಣುವಂತೆ ಕಳುಹಿಸುತ್ತಾರೆ. ಸೂತ್ರಧಾರರು ನಿಜವಾದ ಅರ್ಥವನ್ನೂ ಸೇರಿಸಿ, ಎಂಟನ್ನೂ ಕಲಸಿ, ಬರೆದವರ ಹೆಸರಿಲ್ಲದೆ ಪ್ರಕಟಿಸುತ್ತಾರೆ. ಆಮೇಲೆ ಮತದಾನ. ನಿಜವನ್ನು ಗುರುತಿಸಿದವರಿಗೆ 2 ಅಂಕ. ನಿಮ್ಮ ಬುರುಡೆಯನ್ನು ನಂಬಿ ಮತ ಹಾಕಿದ ಪ್ರತಿಯೊಬ್ಬರಿಂದಲೂ ನಿಮಗೆ 1 ಅಂಕ. ಯಾರೂ ನಿಜವನ್ನು ಹಿಡಿಯದಿದ್ದರೆ ಸೂತ್ರಧಾರರಿಗೆ 3. ಇದು ನಾವು ಕಂಡುಹಿಡಿದದ್ದೇನೂ ಅಲ್ಲ. ಒಂದು ನಿಘಂಟು, ಒಂದಿಷ್ಟು ಕಾಗದದ ಚೂರುಗಳಿದ್ದರೆ ಸಾಕೆಂದು ಜನ ಬಹಳ ಕಾಲದಿಂದ ಆಡಿಕೊಂಡು ಬಂದದ್ದು. 1984ರಲ್ಲಿ ಕೆನಡಾದಲ್ಲಿ ಇದನ್ನೇ ‘ಬಾಲ್ಡರ್‌ಡ್ಯಾಶ್’ ಎಂಬ ಹೆಸರಿನಲ್ಲಿ ಡಬ್ಬಿಗೆ ತುಂಬಿ ಮಾರಿದರು.

ಅಂಕಗಳ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಕದ್ದು ನೋಡಿದವನಿಗೆ ಸಿಗುವುದು ಎರಡೇ ಅಂಕ. ಚೆನ್ನಾಗಿ ಬುರುಡೆ ಬಿಟ್ಟವನಿಗೆ ಆರರವರೆಗೂ ದಾರಿ ಇದೆ. ಪದಸಂಪತ್ತು ಇದ್ದವರು ಗೆಲ್ಲುತ್ತಾರೆ ಎಂದು ಹೆದರಿ ದೂರ ನಿಲ್ಲುವವರಿಗೂ ಇದೇ ಉತ್ತರ. ನಮ್ಮಲ್ಲಿ ಹಳಗನ್ನಡ ಓದಿಕೊಂಡವರೊಬ್ಬರು ಇದ್ದಾರೆ. ಅಂಕಪಟ್ಟಿಯಲ್ಲಿ ಅವರು ಮೂರನೆಯ ಸ್ಥಾನದಿಂದ ಮೇಲೆ ಹೋದದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಗೆಲ್ಲುವವರಿಗೆ ಬರುವುದೇನು? ನಿಘಂಟಿನ ದನಿ. ಹೊಸಬರೆಲ್ಲ ಮಾಡುವ ತಪ್ಪು ಒಂದೇ: ಅರ್ಥ ಬರೆಯಲು ಕೂತು ಕತೆ ಬರೆಯುತ್ತಾರೆ. ‘ಹಿಂದಿನ ಕಾಲದಲ್ಲಿ ಯುದ್ಧದಲ್ಲಿ ಸೋತ ರಾಜನು ತನ್ನ ರಾಣಿಗೆ ಕಳುಹಿಸುತ್ತಿದ್ದ ಕೊನೆಯ ಉಂಗುರ’ ಎಂದು ಒಬ್ಬರು ಬರೆದಿದ್ದರು. ಓದಲು ಸೊಗಸು, ಮತ ಸೊನ್ನೆ. ನಿಘಂಟಿನವರಿಗೆ ರಾಣಿಯ ಕಣ್ಣೀರು ಒರೆಸುವಷ್ಟು ಪುರುಸೊತ್ತು ಎಲ್ಲಿದೆ? ಲಕ್ಷಗಟ್ಟಲೆ ಪದಗಳನ್ನು ಮುಗಿಸಬೇಕು. ಅವರು ‘ಒಂದು ಬಗೆಯ ಉಂಗುರ’ ಎಂದು ಬರೆದು ಮುಂದಿನ ಪದಕ್ಕೆ ಹೋಗುತ್ತಾರೆ. ಈ ‘ಒಂದು ಬಗೆಯ’ ಎಂಬುದು ಕನ್ನಡ ನಿಘಂಟುಗಳ ದೊಡ್ಡ ಆಸರೆ. ಗಿಡ, ಮೀನು, ಹಕ್ಕಿ, ಆಭರಣ, ವಾದ್ಯ ಯಾವುದೇ ಇರಲಿ, ಅರ್ಧ ಜಗತ್ತು ಅದರ ಬೆನ್ನ ಮೇಲೆಯೇ ನಿಂತಿದೆ. ನಾನೂ ಅದನ್ನು ಧಾರಾಳವಾಗಿ ಬಳಸುತ್ತೇನೆ.

ಒಂದು ಸುತ್ತನ್ನು ಪೂರ್ತಿ ಹೇಳುತ್ತೇನೆ. ಪದ ‘ಜೊನ್ನವಕ್ಕಿ’. ನೋಡಿದ ಕೂಡಲೇ ಎಲ್ಲರ ಕಣ್ಣಿಗೂ ಬಿದ್ದದ್ದು ಕೊನೆಯ ‘ಅಕ್ಕಿ’. ತೆಲುಗಿನಲ್ಲಿ ಜೋಳಕ್ಕೆ ಜೊನ್ನ ಎನ್ನುತ್ತಾರೆಂದು ತಿಳಿದಿದ್ದವರು ಇನ್ನೂ ಸುಲಭವಾಗಿ ಜಾರಿದರು. ನಾನು ಬರೆದದ್ದು: ‘ರಾತ್ರಿ ಹೊಲ ಕಾಯುವವನಿಗೆ ಕೂಲಿಯಾಗಿ ಕೊಡುವ ಧಾನ್ಯದ ಪಾಲು’. ಬರೆದಾಗ ಬಹಳ ಹೆಮ್ಮೆಯಾಗಿತ್ತು. ಇನ್ನೊಬ್ಬರು ಬರೆದದ್ದು ಎರಡೇ ಪದ: ‘ಜೋಳದ ನುಚ್ಚು’. ಪಟ್ಟಿಯಲ್ಲಿ ‘ಬೆಳದಿಂಗಳನ್ನು ಕುಡಿದು ಬದುಕುತ್ತದೆನ್ನುವ ಹಕ್ಕಿ’ ಎಂದೂ ಇತ್ತು. ಅದನ್ನು ಓದಿ, ಇದು ಗುಂಪಿನಲ್ಲಿ ಪದ್ಯ ಬರೆಯುವವರ ಕೈಚಳಕ ಎಂದು ಮನಸ್ಸಿನಲ್ಲೇ ನಕ್ಕು, ನಾನು ಜೋಳದ ನುಚ್ಚಿಗೆ ಮತ ಹಾಕಿದೆ. ನನ್ನಂಥವರು ಇನ್ನೂ ಮೂವರು ಇದ್ದರು. ನನ್ನ ಕಾವಲುಗಾರನ ಕೂಲಿಗೆ ಬಂದದ್ದು ಒಂದು ಮತ.

ನಿಜವಾದ ಅರ್ಥ ಆ ಹಕ್ಕಿಯೇ. ಚಕೋರ. ಸಂಸ್ಕೃತದ ‘ಜ್ಯೋತ್ಸ್ನಾ’ ಕನ್ನಡದ ಬಾಯಿಯಲ್ಲಿ ‘ಜೊನ್ನ’ ಆಯಿತು, ಎಂದರೆ ಬೆಳದಿಂಗಳು. ಪಕ್ಷಿ ‘ಪಕ್ಕಿ’ಯಾಗಿ, ಸಮಾಸದಲ್ಲಿ ಪಕಾರ ವಕಾರವಾಗಿ ‘ವಕ್ಕಿ’ ಆಯಿತು. ಬೆಳದಿಂಗಳ ಹಕ್ಕಿಯಲ್ಲಿ ಅಕ್ಕಿಯ ಒಂದು ಕಾಳೂ ಇರಲಿಲ್ಲ. ಸರಿಯಾಗಿ ಹೇಳಿದವರು ಒಬ್ಬರೇ. ಹೇಗೆ ಎಂದು ಕೇಳಿದರೆ, ಕಾಲೇಜಿನಲ್ಲಿ ಓದಿದ ‘ಜಕ್ಕವಕ್ಕಿ’ ನೆನಪಾಯಿತು ಎಂದರು. ಚಕ್ರವಾಕ ಪಕ್ಷಿಯ ಹೆಸರು ಅದು. ಒಂದು ಹಕ್ಕಿ ಇನ್ನೊಂದನ್ನು ಹಿಡಿದುಕೊಟ್ಟಿತು.

ತದ್ಭವಗಳೆಂದರೆ ಸೂತ್ರಧಾರರಿಗೆ ಹಬ್ಬ. ‘ಕತ್ತುರಿ’ ಎಂದು ಹಾಕಿದ ವಾರ ಏಳರಲ್ಲಿ ನಾಲ್ವರು ಕುತ್ತಿಗೆಯ ಉರಿ, ಗಂಟಲ ಬೇನೆ ಎಂದು ವೈದ್ಯಕ್ಕೆ ಇಳಿದಿದ್ದರು. ಅದು ಬರಿಯ ಕಸ್ತೂರಿ. ‘ಅಂಚೆವಿಂಡು’ ಎಂದರೆ ಪತ್ರ ಹಂಚುವವರ ತಂಡವಲ್ಲ, ಹಂಸಗಳ ಹಿಂಡು. ಹಂಸ ಹಳಗನ್ನಡದಲ್ಲಿ ಅಂಚೆಯಾಗಿತ್ತು. 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನೋ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳನ್ನೋ ಎಲ್ಲಿ ತೆರೆದರೂ ಇಂಥವು ಸಿಗುತ್ತವೆ. ಒಂದು ಪದಕ್ಕೆಂದು ಕೂತು ಒಂದು ಗಂಟೆ ಕಳೆದುಹೋದದ್ದು ಎಷ್ಟು ಸಲವೋ.

ಒಂದೇ ಕೋಣೆಯಲ್ಲಿ ಕೂತು ಆಡಿದರೆ ಮುಖ ನೋಡಿ ಊಹಿಸಬಹುದು. ಅರ್ಥವನ್ನು ಗಟ್ಟಿಯಾಗಿ ಓದುವಾಗ ಬರೆದವನ ತುಟಿಯ ಕೊನೆ ಅಲುಗುತ್ತದೆ. ಆನ್‌ಲೈನ್‌ನಲ್ಲಿ ಆ ಸೌಲಭ್ಯ ಇಲ್ಲ. ಇರುವುದು ವಾಕ್ಯ ಮಾತ್ರ. ಹೀಗಾಗಿ ನಾವು ಒಬ್ಬರ ವಾಕ್ಯವನ್ನು ಇನ್ನೊಬ್ಬರು ಬೆರಳಚ್ಚಿನಂತೆ ಓದಲು ಕಲಿತಿದ್ದೇವೆ. ಅಲ್ಪವಿರಾಮ ಇದ್ದಲ್ಲಿ ಅರ್ಧವಿರಾಮ ಹಾಕುವವರು ಯಾರು, ‘ಅಥವಾ’ ಬಿಟ್ಟು ‘ಇಲ್ಲವೆ’ ಎನ್ನುವವರು ಯಾರು ಎಂಬುದೆಲ್ಲ ಬಾಯಿಪಾಠ. ನನ್ನ ಗುರುತು ‘ಪಾಲು’ ಎಂಬ ಪದವಂತೆ. ಅದಿದ್ದರೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ ಎಂದು ತಿಳಿದದ್ದು ಮೊನ್ನೆ ಮೊನ್ನೆ.

ಪದದ ಹುಟ್ಟನ್ನು ಸೇರಿಸುವುದು ಇನ್ನೊಂದು ಜಾಣತನ. ಇದಕ್ಕೆ ನಿಘಂಟುಗಳ ಇತಿಹಾಸದಲ್ಲೇ ಒಳ್ಳೆಯ ಪಾಠವಿದೆ. ಅಮೆರಿಕದ ವೆಬ್‌ಸ್ಟರ್ ನಿಘಂಟಿನ 1934ರ ಆವೃತ್ತಿಯಲ್ಲಿ ‘ಡಾರ್ಡ್’ ಎಂಬ ಪದ ಅಚ್ಚಾಯಿತು, ಅರ್ಥ, ಸಾಂದ್ರತೆ. ಅಂಥ ಪದವೇ ಇರಲಿಲ್ಲ. ಸಾಂದ್ರತೆಯನ್ನು ಸೂಚಿಸಲು ದೊಡ್ಡ ‘ಡಿ’ ಅಥವಾ ಸಣ್ಣ ‘ಡಿ’ ಬಳಸಬಹುದು ಎಂದು 1931ರಲ್ಲಿ ಬರೆದಿದ್ದ ಒಂದು ಚೀಟಿಯಲ್ಲಿ, ನಡುವೆ ಇದ್ದ, ‘ಅಥವಾ’ ಎಂಬರ್ಥದ ಇಂಗ್ಲಿಷಿನ ‘ಆರ್’ (or) ಅನ್ನೂ ಎರಡು ಡಿಗಳನ್ನೂ ಯಾರೋ ಕೂಡಿಸಿ ಓದಿದ್ದರು. ಅದು ಸಿಕ್ಕಿಬಿದ್ದದ್ದು 1939ರಲ್ಲಿ, ಸಂಪಾದಕರೊಬ್ಬರಿಗೆ ಆ ಪದದ ಮುಂದೆ ವ್ಯುತ್ಪತ್ತಿ ಇಲ್ಲವೆಂಬುದು ಕಂಡಾಗ. ಗೊತ್ತಿಲ್ಲದೆ ನುಸುಳಿದ ಸುಳ್ಳಿಗೆ ಅಪ್ಪ ಅಮ್ಮ ಇರಲಿಲ್ಲ. ಆದರೆ ಬೇಕೆಂದೇ ಹೆಣೆದ ಸುಳ್ಳಿನ ಗತ್ತು ನೋಡಿ. 2001ರ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟಿನವರು ತಮ್ಮ ಪುಟಗಳನ್ನು ನಕಲು ಮಾಡುವವರನ್ನು ಹಿಡಿಯಲು ‘ಎಸ್ಕ್ವಿವೇಲಿಯನ್ಸ್’ ಎಂಬ ಇಲ್ಲದ ಪದವನ್ನು ಸೇರಿಸಿದರು. ಹೊಣೆಯಿಂದ ಬೇಕೆಂದೇ ನುಣುಚಿಕೊಳ್ಳುವುದು ಎಂದು ಅದರ ಅರ್ಥ. ಹತ್ತೊಂಬತ್ತನೆಯ ಶತಮಾನದ ಕೊನೆಯದು, ಬಹುಶಃ ಫ್ರೆಂಚ್ ಮೂಲದ್ದು ಎಂದು ಜಾತಕವನ್ನೂ ಬರೆದಿದ್ದರು. ಆ ‘ಬಹುಶಃ’ಗೆ ನಾನು ಕೈ ಮುಗಿಯುತ್ತೇನೆ. ಸುಳ್ಳುಗಾರ ಅನುಮಾನ ತೋರಿಸುತ್ತಾನೆಂದು ಯಾರಿಗೆ ಹೊಳೆದೀತು?

ಈಗ ಮೂಲ ಪ್ರಶ್ನೆ. ಕದ್ದು ನೋಡುವವರು ಇಲ್ಲವೇ? ಇದ್ದಾರೆ. ನಾನೇ ನೋಡಿದ್ದೇನೆ.

ಪದ ‘ಅಳಿಪು’. ಗಡುವು ರಾತ್ರಿ ಹತ್ತಕ್ಕೆ, ಒಂಬತ್ತೂವರೆಯಾದರೂ ಏನೂ ಹೊಳೆದಿರಲಿಲ್ಲ. ಒಂದು ಕ್ಷಣ ನೋಡಿದರೆ ಏನು ಮಹಾ, ಅಂಕ ತೆಗೆದುಕೊಳ್ಳದಿದ್ದರಾಯಿತು ಎಂದು ನಿಘಂಟು ತೆರೆದೆ. ಆಸೆ, ಬಯಕೆ ಎಂದಿತ್ತು. ಅಳಿದುಹೋಗು ಎನ್ನುವಾಗಿನ ‘ಅಳಿ’ ಹಿಂದೆ ‘ಅೞಿ’ ಆಗಿತ್ತು; ಈ ಅಳಿಪಿಗೂ ಅದಕ್ಕೂ ನಂಟಿಲ್ಲ. ತಿಳಿದು ಖುಷಿಯಾಯಿತು. ಆಮೇಲೆ ಬುರುಡೆ ಬರೆಯಲು ಕೂತರೆ ಕೈಯೇ ಓಡಲಿಲ್ಲ. ‘ಗುರುತು ಉಳಿಯದಂತೆ ಒರೆಸುವುದು’ ಎಂದು ಬರೆದೆ. ನಿಜ ಗೊತ್ತಿದ್ದವನಿಗೆ ಅದು ಮಕ್ಕಳ ಸುಳ್ಳಿನಂತೆ ಕಂಡಿತು, ಅಳಿಸಿದೆ. ‘ಹಂಬಲ’ದ ಹತ್ತಿರ ಸುಳಿಯುವಂತಿಲ್ಲ. ‘ಮೋಹಕ್ಕೆ ಒಳಗಾದವನು’ ಕೂಡ ಬೇಡ. ಎಲ್ಲ ಬಾಗಿಲುಗಳಲ್ಲೂ ನಿಜವೇ ನಿಂತಿತ್ತು. ಕೊನೆಗೆ ಎರಡು ನಿಮಿಷ ಬಾಕಿ ಇರುವಾಗ ‘ದೋಣಿಯ ಅಂಚಿಗೆ ಬಡಿಯುವ ಹಲಗೆ’ ಎಂದು ಕಳುಹಿಸಿದೆ.

ಮತ ಒಂದೂ ಬರಲಿಲ್ಲ. ನಾನು ನಿಜಕ್ಕೆ ಮತ ಹಾಕದೆ ಬೇರೊಬ್ಬರ ಬುರುಡೆಗೆ ಹಾಕಿ, ಪ್ರಾಯಶ್ಚಿತ್ತವಾಯಿತು ಎಂದುಕೊಂಡೆ. ಫಲಿತಾಂಶದ ಮರುದಿನ ಆ ವಾರದ ಸೂತ್ರಧಾರರಾಗಿದ್ದ ಹಿರಿಯ ಮಹಿಳೆಯೊಬ್ಬರಿಂದ ಖಾಸಗಿಯಾಗಿ ಸಂದೇಶ ಬಂತು: “ನೀವು ನಿಘಂಟು ನೋಡಿದಿರಿ, ಅಲ್ಲವೇ?” ಹೌದೆಂದೆ. ಹೇಗೆ ತಿಳಿಯಿತು ಎಂದು ಕೇಳಿದೆ. “ಉಳಿದ ಆರೂ ಜನ ಅಳಿಸುವ ಕಡೆಗೋ ಅಳುವ ಕಡೆಗೋ ಹೋದರು. ಪದ ಕಿವಿಗೆ ಬಿದ್ದರೆ ಯಾರೇ ಆದರೂ ಹೋಗುವುದು ಅಲ್ಲಿಗೇ. ನೀವೊಬ್ಬರು ಮಾತ್ರ ದೋಣಿ ಹತ್ತಿದಿರಿ” ಎಂದು ಉತ್ತರಿಸಿದರು. ಕೊನೆಯಲ್ಲೊಂದು ನಗುವ ಮುಖವೂ ಇತ್ತು. ಅದು ಇಲ್ಲದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅಂದಿನಿಂದ ನಮ್ಮಲ್ಲಿ ಒಂದು ಏರ್ಪಾಡು ಇದೆ. ಪದ ಮೊದಲೇ ಗೊತ್ತಿದ್ದವರು ಸೂತ್ರಧಾರರಿಗೆ ಹಾಗೆಂದು ಬರೆದು 2 ಅಂಕ ಪಡೆದು ಆ ವಾರ ಸುಮ್ಮನೆ ನೋಡುತ್ತಾ ಕೂರಬಹುದು. ಈವರೆಗೆ ಆ ಎರಡು ಅಂಕ ಪಡೆದವರು ಹಳಗನ್ನಡದ ಮಿತ್ರರೊಬ್ಬರೇ, ಅದೂ ಒಮ್ಮೆ. ಬುರುಡೆ ಬಿಡಲಾಗದೆ ಆ ವಾರವೆಲ್ಲ ಒದ್ದಾಡಿದರು. ಮುಂದಿನ ಸಲ ಗೊತ್ತಿದ್ದರೂ ಹೇಳುವುದಿಲ್ಲ ಎಂದು ಗುಂಪಿನಲ್ಲೇ ಬೆದರಿಕೆ ಹಾಕಿದ್ದಾರೆ.

ಈ ವಾರ ಸೂತ್ರಧಾರ ನಾನು. ಐದು ಉತ್ತರಗಳು ಬಂದಿವೆ. ಅವುಗಳಲ್ಲಿ ಎರಡು ಅಕ್ಷರಕ್ಕೆ ಅಕ್ಷರ ಒಂದೇ: ‘ಒಂದು ಬಗೆಯ ಮೀನು’. ನಿಘಂಟಿನಲ್ಲಿ ಏನಿದೆ ಎಂಬುದನ್ನು ನಾಳೆ ರಾತ್ರಿ ಹತ್ತರವರೆಗೆ ಹೇಳುವಂತಿಲ್ಲ.