ರೆಟಿನಾದ ಕೆಳಗೊಂದು ತೇಪೆ

ಸೋಮವಾರದ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಒಪಿಡಿ. ಚಾಮರಾಜಪೇಟೆಯಿಂದ ಬಂದಿದ್ದ ಎಪ್ಪತ್ತಾರರ ಅಜ್ಜಿಗೆ ಬಸ್ಸು ಕಾಣುತ್ತಿತ್ತು, ಅದರ ಬೋರ್ಡು ಕಾಣುತ್ತಿರಲಿಲ್ಲ. ಚೌಕುಳಿ ಗೆರೆಗಳ ಹಾಳೆ ಕೈಗಿತ್ತರೆ, "ನಡುವೆ ಯಾರೋ ಅಳಿಸಿದ ಹಾಗಿದೆ" ಎಂದರು. ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನಿನಲ್ಲಿ, ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದ ಅಡಿಯ ಆರ್‌ಪಿಇ ಎಂಬ ಪದರ ಸವೆದುಹೋಗಿತ್ತು. ವಯಸ್ಸಿನಿಂದ ಬರುವ ಮ್ಯಾಕ್ಯುಲಾ ಸವೆತ, ಒಣ ಬಗೆ.

ಮೊಮ್ಮಗ ಫೋನು ತೋರಿಸಿದ. "ಡಾಕ್ಟ್ರೇ, ಹೊಟ್ಟೆ ಕೊಬ್ಬಿಂದ ಸ್ಟೆಮ್ ಸೆಲ್ ತೆಗೆದು ಎರಡೂ ಕಣ್ಣಿಗೆ ಚುಚ್ತಾರಂತೆ. ದುಡ್ಡು ಹೊಂದಿಸಿದ್ದೀವಿ. ಮಾಡಿಸ್ಲಾ?"

ಬರೀ ಬೇಡ ಎಂದರೆ ಇನ್ನೊಂದು ಕಡೆ ಹೋಗುತ್ತಾರೆ. ಹಾಗಾಗಿ ಕಣ್ಣಿನ ಚಿತ್ರ ಬರೆದು ಕೂತೆವು.

ಆರ್‌ಪಿಇ ಎಂದರೆ ಒಂದೇ ಒಂದು ಸಾಲಿನ ಕಪ್ಪು ಜೀವಕೋಶಗಳು. ಬೆಳಕು ಹಿಡಿಯುವ ಕೋಶಗಳಿಗೆ ಊಟ ಕೊಡುವುದೂ ಅವುಗಳ ಕಸ ಗುಡಿಸುವುದೂ ಇವೇ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹೊಸ ಕೋಶ ಹಾಕುವುದಾದರೆ ರೆಟಿನಾದ ಕೆಳಗೇ ಹಾಕಬೇಕು. ಕಣ್ಣಿನ ನಡುವಿನ ಲೋಳೆಗೆ ಚುಚ್ಚಿದ ಕೊಬ್ಬಿನ ಕೋಶ ಅಲ್ಲಿಗೆ ತಲುಪುವುದಿಲ್ಲ. ರೆಟಿನಾದ ಮೇಲೆ ಪೊರೆ ಕಟ್ಟಿ ಅದನ್ನು ಎಳೆದು ಕಿತ್ತುಬಿಡಬಹುದು. ಫ್ಲೋರಿಡಾದಲ್ಲಿ ತಲಾ 5,000 ಡಾಲರ್ ಕೊಟ್ಟು ಇದನ್ನೇ ಮಾಡಿಸಿಕೊಂಡ ಮೂವರು ವೃದ್ಧೆಯರು ದೃಷ್ಟಿ ಕಳೆದುಕೊಂಡದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ದಾಖಲಾಯಿತು.

ಲ್ಯಾಬಿನಲ್ಲಿ ಬೆಳೆಸಿದ ಆರ್‌ಪಿಇ ಕೋಶಗಳ ನಿಜವಾದ ಕಸಿ ಹೀಗೆ. ಕಣ್ಣಿನ ಬಿಳಿಭಾಗದಲ್ಲಿ ಮೂರು ಸಣ್ಣ ತೂತು ಮಾಡಿ ಲೋಳೆಯನ್ನು ಕತ್ತರಿಸಿ ಹೀರಬೇಕು. ರೆಟಿನಾಕ್ಕೆ ಅಂಟಿದ ಲೋಳೆಯ ಪದರ ಉಳಿದರೆ ಮುಂದೆ ಅದೇ ಎಳೆಯುತ್ತದೆ. ಬಳಿಕ ಕೂದಲೆಳೆಯಂಥ 41 ಗೇಜಿನ ಕೊಳವೆಯಿಂದ ರೆಟಿನಾದ ಕೆಳಗೆ ದ್ರವ ಬಿಟ್ಟು, ಕೋಶಗಳಿಗೆ ಜಾಗವಾಗುವಂತೆ ಗುಳ್ಳೆ ಎಬ್ಬಿಸುವುದು. ಅತಿ ಕಷ್ಟದ ಗಳಿಗೆ ಇದೇ. ಒತ್ತಡ ತುಸು ಹೆಚ್ಚಾದರೂ ತೆಳ್ಳಗಾದ ಮ್ಯಾಕ್ಯುಲಾ ನಡುವೆ ಹರಿದುಹೋಗಬಹುದು. ಕೋಶಗಳನ್ನು ದ್ರವದಲ್ಲಿ ಬಿಟ್ಟರೆ ತೂತಿನಿಂದ ಹಿಂದಕ್ಕೆ ಸೋರಬಹುದು, ಸೋರಿದವು ಮತ್ತೆ ಪೊರೆ ಕಟ್ಟುತ್ತವೆ. ಕೋಶಗಳನ್ನು ಹಾಳೆಯಂತೆ ಬೆಳೆಸಿದ ತೇಪೆಯಾದರೆ ರೆಟಿನಾದಲ್ಲಿ ಸೀಳು ದೊಡ್ಡದು ಬೇಕು, ಕೋಶಗಳ ಮುಖ ರೆಟಿನಾದ ಕಡೆಗೇ ಇರಬೇಕು. ಮಗುಚಿಬಿದ್ದರೆ ಇಟ್ಟದ್ದೇ ವ್ಯರ್ಥ. ಕೊನೆಗೆ ಸೀಳಿನ ಸುತ್ತ ಲೇಸರ್, ಒಳಗೆ ಸಿಲಿಕೋನ್ ಎಣ್ಣೆ. ಎಣ್ಣೆ ತೆಗೆಯಲು ಇನ್ನೊಂದು ಆಪರೇಷನ್. ಬೇರೆಯವರ ಕೋಶವಾದರೆ ದೇಹ ತಿರಸ್ಕರಿಸದಂತೆ ಔಷಧಿಯೂ ಬೇಕು.

ಲಂಡನ್ನಿನಲ್ಲಿ 6×3 ಮಿಲಿಮೀಟರಿನ ಇಂಥ ತೇಪೆ ಹಾಕಿಸಿಕೊಂಡ ಇಬ್ಬರು ವರ್ಷದ ಬಳಿಕ ಚಾರ್ಟಿನಲ್ಲಿ 29 ಮತ್ತು 21 ಅಕ್ಷರ ಹೆಚ್ಚು ಓದಿದರು. ವರದಿ 2018ರದು. ಅವರದು ರೆಟಿನಾದ ಕೆಳಗೆ ಹೊಸ ರಕ್ತನಾಳ ಬೆಳೆದು ಸೋರುವ ಒದ್ದೆ ಬಗೆ, ದೃಷ್ಟಿ ಕುಸಿದು ಹೆಚ್ಚು ದಿನವಾಗಿರಲಿಲ್ಲ. ಅವರಲ್ಲೊಬ್ಬರ ರೆಟಿನಾ ಕಳಚಿ ಮತ್ತೆ ಆಪರೇಷನ್ ಆಯಿತು. ಜಪಾನಿನ ಕೋಬೆಯಲ್ಲಿ 2014ರಲ್ಲಿ ರೋಗಿಯ ಸ್ವಂತ ಚರ್ಮದಿಂದ ಬೆಳೆಸಿದ ಪದರ ಹಾಕಿದಾಗ ದೃಷ್ಟಿ ಹೆಚ್ಚಲಿಲ್ಲ, ಇಳಿಯಲೂ ಇಲ್ಲ. ಒಣ ಬಗೆಗೆ ನಮ್ಮ ಬೆಂಗಳೂರಿನ ಐಸ್ಟೆಮ್ ಕಂಪನಿ ಕೂಡ ಆರ್‌ಪಿಇ ಕೋಶ ಬೆಳೆಸಿದೆ. ಎಲ್ಲವೂ ಇನ್ನೂ ಪ್ರಯೋಗ.

"ಅಜ್ಜಿಗೆ ಆಗುತ್ತಾ?" ಎಂದ ಹುಡುಗ. ಆರ್‌ಪಿಇಯ ಮೇಲಿನ ಬೆಳಕು ಹಿಡಿಯುವ ಕೋಶಗಳೂ ಸತ್ತ ಜಾಗದಲ್ಲಿ ತೇಪೆಯಿಂದ ನೋಟ ಮರಳದು. ಅಂಚಿನಲ್ಲಿ ಉಳಿದಿರುವುದನ್ನು ಕಾಪಾಡುವುದೇ ಸದ್ಯದ ಆಸೆ. ಯಾರಾದರೂ ಪ್ರಯೋಗ ಅಂದರೆ ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ದಾಖಲೆಪಟ್ಟಿ) ನೋಂದಣಿ ಸಂಖ್ಯೆ ಕೇಳು, ಕೋಶಕ್ಕೆ ದುಡ್ಡು ಕೇಳಿದರೆ ಎದ್ದು ಬಾ ಎಂದೆವು.

ಅಜ್ಜಿಗೆ ದೀಪವಿರುವ ಭೂತಗನ್ನಡಿ ಬರೆದುಕೊಟ್ಟೆವು. ಚೌಕುಳಿ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು. ಒಣ ಬಗೆ ಒದ್ದೆಗೆ ತಿರುಗಿದರೆ ಇಂಜೆಕ್ಷನ್ ಇದೆ, ಬೇಗ ಕೊಟ್ಟರೆ ನೋಟ ಉಳಿಯುತ್ತದೆ. "ಗೆರೆ ಸೊಟ್ಟಗೆ ಕಂಡ ದಿನವೇ ಬನ್ನಿ ಅಜ್ಜಿ, ಸೋಮವಾರಕ್ಕೆ ಕಾಯಬೇಡಿ."